ಎದುರು ಕೂತವರ ಎಲೆ

ನಾಗಮಣಿಗೆ ಐರ್ಲೆಂಡಿನ ಮೇಲೆ ಕಾಲಿಟ್ಟ ದಿನದಿಂದಲೂ ಸಿಟ್ಟು. ಚಳಿಗಲ್ಲ, ಮಳೆಗಲ್ಲ, ಉಪ್ಪುಕಾರವಿಲ್ಲದ ಊಟಕ್ಕೂ ಅಲ್ಲ. ಗಂಡ ತೀರಿಕೊಂಡ ಮೇಲಿನ ಮೊದಲ ಎಡೆಯನ್ನು ನಂಜನಗೂಡಿನ ಮನೆಯಲ್ಲಿಡಲಾಗದೆ ಸಮುದ್ರ ದಾಟಿ ಬಂದು ಇಲ್ಲಿಡಬೇಕಾಯಿತಲ್ಲ ಎಂಬ ಸಿಟ್ಟು. ಎಡೆಗೆ ಧೂಪ ಹಾಕಬೇಕಾದವನು ಒಬ್ಬನೇ ಮಗ ಲೋಹಿತ್. ಅವನ ವಾಸದ ಕಾರ್ಡು ರಿನ್ಯೂವಲ್‌ಗೆ ಹೋಗಿ ಮೂರು ತಿಂಗಳಾಗಿತ್ತು, ಅದು ಕೈಗೆ ಬರುವ ತನಕ ದೇಶ ಬಿಟ್ಟರೆ ತಿರುಗಿ ಬರುವುದು ಕಷ್ಟ. "ಒಂದು ಕಾರ್ಡಿಗೋಸ್ಕರ ನಿಮ್ಮಪ್ಪ ಉಪಾಸ ಇರ್ಬೇಕೇನ್ಲಾ?" ಎಂದು ಫೋನಿನಲ್ಲಿ ಚೆನ್ನಾಗಿ ಬೈದು, ಬೈದದ್ದು ಸಾಲದೆ ಅತ್ತು, ಕೊನೆಗೆ ತಾನೇ ವಿಮಾನ ಹತ್ತಿದ್ದಳು.

ಹಳೇ ಮೈಸೂರಿನವರಿಗೆ ಎಡೆಯ ವಿಚಾರ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಇಷ್ಟು ಸಾಕು. ಮಹಾಲಯ ಅಮಾವಾಸ್ಯೆಯ ದಿನ ಹಿರಿಯರ ಫೋಟೊಗೆ ಗಂಧ ಹಚ್ಚಿ, ಹೂವಿಟ್ಟು, ಅವರು ಬದುಕಿದ್ದಾಗ ಆಸೆಪಟ್ಟು ತಿನ್ನುತ್ತಿದ್ದುದನ್ನೆಲ್ಲ ಬಾಳೆಲೆಗೆ ಬಡಿಸಿ, ಧೂಪ ಹಾಕಿ, ಬಂದು ಉಂಡು ಹೋಗಿ ಎಂದು ಕರೆಯಬೇಕು. ಆಮೇಲೆ ಮನೆಮಂದಿಯೆಲ್ಲ ಆಚೆ ಬಂದು ಬಾಗಿಲು ಮುಚ್ಚಬೇಕು. ಅರ್ಧ ಗಂಟೆ ಬಿಟ್ಟು, ಒಳಗಿರುವವರು ಗಡಿಬಿಡಿಯಲ್ಲಿ ಏಳದ ಹಾಗೆ ಮೊದಲು ಕೆಮ್ಮಿ, ಆಮೇಲೆ ಬಾಗಿಲು ತೆಗೆಯಬೇಕು. ಇದೆಲ್ಲ ಹೊತ್ತು ಮುಳುಗುವುದರೊಳಗೆ ಮುಗಿಯಬೇಕು. ಎಲೆಯ ಮೇಲೆ ಏನೂ ಕಡಿಮೆಯಾಗಿರುವುದಿಲ್ಲ. ಆದರೂ ಬಂದರೋ ಇಲ್ಲವೋ ಎಂಬುದು ಮನೆಯ ಹೆಂಗಸರಿಗೆ ಗೊತ್ತಾಗುತ್ತದೆ. ಹೇಗೆ ಎಂದು ಕೇಳಿದರೆ ಅವರಿಗೂ ಹೇಳಲು ಬರುವುದಿಲ್ಲ.

ನಾಗಮಣಿಯ ಅತ್ತೆ ಒಂದು ಮಾತು ಹೇಳುತ್ತಿದ್ದಳು: ಮೊದಲ ವರ್ಷ ಕರೆದಾಗ ಬರದವರು ಆಮೇಲೆ ದಾರಿ ಮರೆಯುತ್ತಾರೆ. ಈ ಒಂದು ಮಾತನ್ನು ಸೆರಗಿಗೆ ಕಟ್ಟಿಕೊಂಡೇ ನಾಗಮಣಿ ಬಂದಿದ್ದಳು. ಗಂಡ ಚಾಮರಾಜ ಮೂವತ್ತೆರಡು ವರ್ಷ ಸರ್ಕಾರಿ ಬಸ್ಸು ಓಡಿಸಿದವನು. ದಾರಿ ತಪ್ಪುವ ಆಸಾಮಿಯಲ್ಲ ಎಂದು ಧೈರ್ಯ ತಂದುಕೊಳ್ಳುತ್ತಿದ್ದಳು, ಆದರೆ ಅವನ ಬಸ್ಸು ಕೊಳ್ಳೇಗಾಲ ದಾಟಿದ್ದೇ ಅಪರೂಪ.

ಮನೆ ಇದ್ದದ್ದು ಕಿಲ್ಕೆನ್ನಿ ಊರಿನಾಚೆ. ಸೊಸೆ ಅರ್ಪಿತಾ ಡಾಕ್ಟರು, ಊರಿನ ಆಸ್ಪತ್ರೆಯಲ್ಲಿ ಕೆಲಸ. ಲೋಹಿತ್‌ಗೆ ಲೀಕ್ಸ್‌ಲಿಪ್‌ನ ಚಿಪ್ ಕಾರ್ಖಾನೆಯಲ್ಲಿ ಶಿಫ್ಟು. ಬಾಡಿಗೆ ಮನೆ ಸಿಗುವುದೇ ಪುಣ್ಯ ಎನ್ನುವ ಕಾಲದಲ್ಲಿ, ಮಿಸ್ ಟಿಯರ್ನನ್ ಎಂಬ ಎಂಬತ್ಮೂರು ವರ್ಷದ ಒಂಟಿ ಮುದುಕಿ ತನ್ನ ತಾತನ ದೊಡ್ಡ ಕಲ್ಲುಮನೆಯ ಮುಂಭಾಗವನ್ನು ಇವರಿಗೆ ಕೊಟ್ಟು, ಹಿಂದಿನ ಎರಡು ಕೋಣೆಗಳಲ್ಲಿ ತಾನಿದ್ದಳು. ಹಾಕಿದ್ದು ಒಂದೇ ಷರತ್ತು: ಊಟದ ಕೋಣೆಯ ಗೋಡೆಯಲ್ಲಿರುವ ತಾತನ ಫೋಟೊವನ್ನು ಇಳಿಸಬಾರದು. ಆ ಕೋಣೆ ಯಾವಾಗಲೂ ಥಂಡಿ. ಇವರು ಅಡುಗೆಮನೆಯಲ್ಲೇ ಉಣ್ಣುತ್ತಿದ್ದರು. ಆದರೆ ಅಡುಗೆಮನೆಗೆ ಮುಚ್ಚಲು ಬಾಗಿಲಿರಲಿಲ್ಲ, ಊಟದ ಕೋಣೆಗಿತ್ತು, ಅದರ ಗೋಡೆ ದಕ್ಷಿಣಕ್ಕೂ ಇತ್ತು. ಎಡೆ ಅಲ್ಲೇ ಎಂದು ನಾಗಮಣಿ ತೀರ್ಮಾನಿಸಿಬಿಟ್ಟಳು.

ಅಮಾವಾಸ್ಯೆ ಆ ವರ್ಷ ಭಾನುವಾರ ಬಿದ್ದಿತ್ತು. ಮೇಜನ್ನು ಮೂಲೆಗೆ ಸರಿಸಿ, ಕುರ್ಚಿಗಳನ್ನು ಗೋಡೆಗೊತ್ತಿ, ನೆಲ ಒರೆಸಿದ್ದಾಯಿತು. ಏಷ್ಯನ್ ಅಂಗಡಿಯ ಫ್ರೀಜರಿನ ಬಾಳೆಲೆ, ಮಾಂಸದ ಸಾರು, ಮುದ್ದೆ, ಕಜ್ಜಾಯ, ಒಂದು ಲೋಟ ಬ್ರಾಂದಿ. ಬದುಕಿದ್ದಾಗ ಆ ಲೋಟಕ್ಕೆ ನಾಗಮಣಿ ಎಷ್ಟು ಜಗಳ ಆಡಿದ್ದಳೋ, ಈಗ ಅಷ್ಟೇ ಪ್ರೀತಿಯಿಂದ ಕಂಠಮಟ್ಟ ತುಂಬಿಸಿದಳು. ಧೂಪದ ಹೊಗೆಗೆ ಅಲಾರಂ ಕೂಗಿಕೊಂಡೀತೆಂದು ಲೋಹಿತ್ ಸ್ಟೂಲು ಹತ್ತಿ ಅದಕ್ಕೆ ಸ್ನಾನದ ಪ್ಲಾಸ್ಟಿಕ್ ಟೋಪಿ ತೊಡಿಸಿದ. ಪರದೇಶದಲ್ಲಿ ನಮ್ಮವರ ದೇವರಪೂಜೆಯೆಲ್ಲ ಆ ಟೋಪಿಯ ಕೆಳಗೇ ನಡೆಯುತ್ತದೆ.

ಗೋಡೆಯಲ್ಲಿ ಖಾಲಿ ಮೊಳೆ ಒಂದೇ ಇತ್ತು, ಮುದುಕಿಯ ತಾತನ ಪಕ್ಕದಲ್ಲಿ. ಚಾಮರಾಜನ ಫೋಟೊ ಅಲ್ಲಿಗೆ ಏರಿತು. ಈ ಕಡೆ ಖಾಕಿ ಡ್ರೈವರು, ಆ ಕಡೆ ಎದೆಗೆ ಅಡ್ಡಪಟ್ಟಿ ಬಿಗಿದ ಮಿಲಿಟರಿ ಅಧಿಕಾರಿ. ಗಂಡನಿಗೆ ಗಂಧ ಹಚ್ಚಿ, ಸೇವಂತಿಗೆ ಮುಡಿಸಿದ ನಾಗಮಣಿಗೆ ಪಕ್ಕದವನ ಮುಖ ನೋಡಿ ಒಂಥರಾ ಆಯಿತು. ಪಂಕ್ತಿಯಲ್ಲಿ ಒಬ್ಬರಿಗೆ ಇಕ್ಕಿ ಒಬ್ಬರಿಗೆ ಬಿಡುವ ಮನೆತನವಲ್ಲ ಅವಳದ್ದು. "ಇರ್ಲಿ, ಮನೆ ಯಜಮಾನ ಅಲ್ವಾ," ಎಂದು ಅವನ ಹಣೆಗೂ ಗಂಧ ಹಚ್ಚಿ, ಗಾಜಿನ ಮೇಲೊಂದು ಹೂವು ಸಿಕ್ಕಿಸಿದಳು.

ಲೋಹಿತ್ ಧೂಪ ಹಾಕಿದ. "ಅಪ್ಪ, ಬಾ. ಬಂದು ಊಟ ಮಾಡ್ಕೊಂಡು ಹೋಗು," ಎಂದ. ಮೂವರೂ ಆಚೆ ಬಂದು ಬಾಗಿಲು ಮುಚ್ಚಿದರು. ಆಗ ಮಧ್ಯಾಹ್ನ ಎರಡು ಗಂಟೆ.

ಅರ್ಧ ಗಂಟೆ ಬಿಟ್ಟು, ಕೆಮ್ಮಿ ಬಾಗಿಲು ತೆಗೆದು ನಾಗಮಣಿ ಎಲೆಯತ್ತ ಬಗ್ಗಿ ನೋಡಿದಳು. ಗಂಡ ಬಂದಿರಲಿಲ್ಲ. ಎಲೆ ಸುಮ್ಮನೆ ಎಲೆಯಾಗಿತ್ತು, ಸಾರು ಸುಮ್ಮನೆ ಆರಿದ ಸಾರಾಗಿತ್ತು. ಅದು ಅವಳಿಗೆ ಮಾತ್ರ ಗೊತ್ತಾಯಿತು. ಉಳಿದಿಬ್ಬರಿಗೆ ಗೊತ್ತಾದದ್ದು ಬೇರೆ. ಗೋಡೆಗೆ ಒತ್ತಿಟ್ಟಿದ್ದ ಕುರ್ಚಿಗಳಲ್ಲಿ ಒಂದು ಕೋಣೆಯ ನಡುವೆ ಬಂದು, ಎಲೆಗೆ ಎದುರಾಗಿ ನಿಂತಿತ್ತು.

"ನೀವೇನಾದ್ರೂ ಎಳೆದಿದ್ರಾ ಅತ್ತೆ?" ಅರ್ಪಿತಾ ಕೇಳಿದಳು.

"ನಾನ್ಯಾಕವ್ವ ಎಳೀಲಿ? ನಿಮ್ಜೊತೇಲೇ ಇದ್ನಲ್ಲ."

ಕಿಟಕಿಗೆ ಚಿಲಕ ಹಾಕಿತ್ತು. ಅರ್ಪಿತಾಗೆ ಮುದುಕಿಯ ಮೇಲೆ ಗುಮಾನಿ. ಅವಳ ಹತ್ತಿರ ಇನ್ನೊಂದು ಬೀಗದಕೈ ಇರಬಹುದು, ಏನೋ ನೋಡಲು ಬಂದು ಹೋಗಿರಬಹುದು ಎಂದಳು. ಡಾಕ್ಟರಾದವರು ಕಾರಣ ಹುಡುಕದೆ ಬಿಡುವುದಿಲ್ಲ, ಸಿಗದಿದ್ದರೆ ಒಂದನ್ನು ಮಾಡಿಯಾದರೂ ಕೊಡುತ್ತಾರೆ. ಲೋಹಿತ್ ಮಾತ್ರ "ಇಟ್ಸ್ ಗ್ರ್ಯಾಂಡ್ ಅವ್ವ, ಏನಾಗಿಲ್ಲ, ಇನ್ನೊಂದ್ಸಲ ಇಡೋಣ," ಎಂದ. ಹಾಗೆನ್ನುವಾಗ ಅವನ ಕಣ್ಣು ಆ ಕುರ್ಚಿಯನ್ನು ಬಿಟ್ಟಿರಲಿಲ್ಲ.

ಸಾರು ಬಿಸಿ ಮಾಡಿ, ಹೊಸ ಎಲೆಗೆ ಬಡಿಸಿ, ಕುರ್ಚಿಯನ್ನು ಮತ್ತೆ ಗೋಡೆಗೊತ್ತಿ, ಮತ್ತೆ ಧೂಪ ಹಾಕಿದರು. ಈ ಸಲ ಲೋಹಿತ್ ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸಿದ. ನಾಗಮಣಿ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು.

ಹೆಚ್ಚು ಹೊತ್ತು ಆಗಿರಲಿಲ್ಲ. ಒಳಗೆ ಹಲಗೆಯ ನೆಲದ ಮೇಲೆ ಬೂಟಿನ ಸದ್ದು. ಚಾಮರಾಜನದಲ್ಲ, ಅವನು ನಡೆದರೆ ಎಡಗಾಲು ತುಸು ಎಳೆಯುತ್ತಿತ್ತು. ಇದು ಅಳೆದು ಇಡುವ ಹೆಜ್ಜೆ. ನಾಲ್ಕು ಹೆಜ್ಜೆ, ಕುರ್ಚಿ ಎಳೆದ ಕಿರ್ರೆಂಬ ದನಿ, ಯಾರೋ ಕೂತ ಭಾರ. ಆಮೇಲೆ ಒಂದು ಉಸಿರು. ಬಹಳ ಹೊತ್ತಿನಿಂದ ಕಾಯುತ್ತಿರುವವರು ಬಿಡುವ ಉಸಿರು ಅದು. ನಾಗಮಣಿಗೆ ಎದ್ದು ಓಡಬೇಕೆನ್ನಿಸಿತು, ಆದರೂ ಓಡಲಿಲ್ಲ, ಏಕೆಂದರೆ ಒಳಗೆ ಗಂಡನ ಎಲೆ ಇತ್ತು.

ಬಾಗಿಲು ತೆಗೆದರೆ ಕುರ್ಚಿ ಎಲೆಗೆ ಇನ್ನೂ ಹತ್ತಿರ ಬಂದಿತ್ತು. ನಾಗಮಣಿ ನೇರ ಹೋಗಿ ಅದರ ಚರ್ಮದ ಸೀಟಿನ ಮೇಲೆ ಅಂಗೈ ಇಟ್ಟಳು. ಬೆಚ್ಚಗಿತ್ತು. ಅಷ್ಟು ಥಂಡಿ ಕೋಣೆಯಲ್ಲಿ ಅದೊಂದೇ ಜಾಗ, ಈಗಷ್ಟೇ ಯಾರೋ ಎದ್ದು ಹೋದ ಹಾಗೆ, ಬೆಚ್ಚಗಿತ್ತು. ಅವಳು ತಲೆಯೆತ್ತಿ ಗೋಡೆ ನೋಡಿದಳು. ಅಧಿಕಾರಿಯ ಹಣೆಯ ಗಂಧ ಇನ್ನೂ ಹಸಿಯಾಗಿತ್ತು, ಗಂಡನದು ಒಣಗಿ ಬಿರಿದಿತ್ತು.

"ಅಯ್ಯೋ ನನ್ನ ಬುದ್ಧಿಗೆ ಬೆಂಕಿ ಹಾಕ," ಎಂದು ನಾಗಮಣಿ ಹಣೆ ಚಚ್ಚಿಕೊಂಡಳು. "ಗಂಧ ಹಚ್ಚಿ, ಹೂವಿಟ್ಟು ಕರ್ದುಬಿಟ್ಟೆ ಕಣ್ಲಾ. ಕರ್ದೋಳು ಎಲೆ ಹಾಕ್ಲಿಲ್ಲ! ಅವ್ರು ಬಂದವ್ರೆ. ಬಂದು ನಿಮ್ಮಪ್ಪನ ಎಲೆ ಮುಂದೆ ಕುಂತವ್ರೆ."

"ಅದ್ಕೆ ಅಪ್ಪ ಬರ್ಲಿಲ್ವಾ?"

"ಬಂದಿದ್ರೂ ಬಾಗ್ಲಲ್ಲೇ ನಿಂತಿರ್ತಾರೆ. ಎದುರಿಗೆ ಒಬ್ರು ಎಲೆ ಇಲ್ದೆ ಕುಂತಿದ್ರೆ ನಿಮ್ಮಪ್ಪ ಯಾವತ್ತು ತುತ್ತು ಎತ್ತಿದ್ರು? ಕಂಡಕ್ಟ್ರು ಬರೋಗಂಟ ಬುತ್ತಿ ಬಿಚ್ತಿರ್ಲಿಲ್ಲ ಅವ್ರು."

ಪರಿಹಾರ ಸುಲಭವೆಂದು ಅವಳಿಗೆ ತೋಚಿತು. ಕರೆದವರಿಗೆ ಎಲೆ ಹಾಕಿದರೆ ಮುಗಿಯಿತಲ್ಲ. ಕುರ್ಚಿಯ ಮುಂದೆ ಇನ್ನೊಂದು ಎಲೆ ಹಾಸಿ ಮುದ್ದೆ, ಸಾರು ಬಡಿಸಿದಳು. ಬಡಿಸಿ ಕೈ ತೆಗೆಯುವುದರೊಳಗೆ ಎಲೆ ತಾನಾಗಿ ನೆಲದ ಮೇಲೆ ಸರಿಯತೊಡಗಿತು. ಅರ್ಪಿತಾ ಕಿಟಾರನೆ ಕಿರುಚಿ ಗಂಡನ ತೋಳು ಹಿಡಿದುಕೊಂಡಳು. ಎಲೆ ಮೆಲ್ಲಗೆ, ಒಂದು ತೊಟ್ಟೂ ಚೆಲ್ಲದೆ, ಮುಂದಕ್ಕೆ ಹೋಗಿ ನಿಂತಿತು. ಕೂತವನು ಅದನ್ನು ತನ್ನ ಮುಂದಿನಿಂದ ಎದುರಿಗೆ, ಚಾಮರಾಜನ ಎಲೆಯ ಪಕ್ಕದಲ್ಲಿ ಯಾರೂ ಇಲ್ಲದ ಜಾಗಕ್ಕೆ ದೂಡಿದ್ದ.

ಅರ್ಪಿತಾಳ ಕಾರಣಗಳೆಲ್ಲ ಅಲ್ಲಿಗೆ ಮುಗಿದವು. ಮೂವರೂ ಮುದುಕಿಯ ಹಿತ್ತಲಿನ ಬಾಗಿಲಿಗೆ ಓಡಿದರು.

ಮಿಸ್ ಟಿಯರ್ನನ್ ಟೀ ಕುಡಿಯುತ್ತಿದ್ದಳು. ಅರ್ಪಿತಾ ತೊದಲುತ್ತ ನಡೆದದ್ದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಮುದುಕಿ ನಗಲಿಲ್ಲ, ಬೈಯಲೂ ಇಲ್ಲ. ಕಪ್ಪನ್ನು ಕೆಳಗಿಟ್ಟು, "ಎದುರಿಗೆ ದೂಡಿದರೇ?" ಎಂದು ಒಂದೇ ಪ್ರಶ್ನೆ ಕೇಳಿದಳು. ಹೌದೆಂದಾಗ ಮಾತಿಗಾರಂಭಿಸಿದಳು. ಅರ್ಪಿತಾ ಅತ್ತೆಗೆ ಕನ್ನಡದಲ್ಲಿ ಹೇಳುತ್ತ ಹೋದಳು.

ತಾತನ ಹೆಸರು ಆಂಬ್ರೋಸ್ ಟಿಯರ್ನನ್. ಈ ದೇಶ ಬ್ರಿಟಿಷರ ಕೈಯಲ್ಲಿದ್ದಾಗ ಅವರದೇ ಸೈನ್ಯದಲ್ಲಿ ಕ್ಯಾಪ್ಟನ್. ಬೆಂಗಳೂರಿನ ದಂಡಿನಲ್ಲೂ ಎರಡು ವರ್ಷ ಇದ್ದವನು. ಅವನ ಕೈಕೆಳಗೆ ಇದೇ ಊರಿನ ಒಬ್ಬ ಸಾರ್ಜೆಂಟ್ ಇದ್ದ. ಮೊದಲ ಮಹಾಯುದ್ಧದಲ್ಲಿ, ಮೆಸೊಪೊಟೇಮಿಯಾದ ಕೆಸರಿನಲ್ಲಿ, ಕಾಲಿಗೆ ಗುಂಡು ಬಿದ್ದ ಕ್ಯಾಪ್ಟನ್ನನ್ನು ಆ ಸಾರ್ಜೆಂಟ್ ಎರಡು ಮೈಲಿ ಬೆನ್ನ ಮೇಲೆ ಹೊತ್ತು ತಂದ. ಯುದ್ಧ ಮುಗಿಸಿ ಇಬ್ಬರೂ ಊರಿಗೆ ಬಂದರೆ, ಸಾರ್ಜೆಂಟನ ತಾಯಿಯ ಗುಡಿಸಲು ಬೂದಿಯಾಗಿತ್ತು. ಸುಟ್ಟವರು ಇವರಿಬ್ಬರು ತೊಟ್ಟಿದ್ದ ಅದೇ ಬಣ್ಣದ ಸಮವಸ್ತ್ರದವರು.

ಆ ರಾತ್ರಿಯೇ ಕ್ಯಾಪ್ಟನ್ ಸಮವಸ್ತ್ರ ಕಳಚಿ ಕ್ರಾಂತಿಕಾರಿಗಳ ಜೊತೆ ಸೇರಿದ. ಸೈನ್ಯದಲ್ಲಿ ಕಲಿತ ವಿದ್ಯೆಯನ್ನೆಲ್ಲ ಸೈನ್ಯದ ಮೇಲೇ ತಿರುಗಿಸಿದ. ಸೇತುವೆ ಉರುಳಿಸಿದ, ಠಾಣೆ ಸುಟ್ಟ, ತಲೆಗೆ ಬಹುಮಾನ ಕಟ್ಟಿಸಿಕೊಂಡ. ಎರಡು ವರ್ಷ ಅವನೂ ಸಾರ್ಜೆಂಟೂ ಒಂದೇ ಕಂಬಳಿಯಲ್ಲಿ ಮಲಗಿ, ಒಂದೇ ರೊಟ್ಟಿ ಮುರಿದು ತಿಂದರು. ಆಮೇಲೆ ಬ್ರಿಟಿಷರು ಒಪ್ಪಂದಕ್ಕೆ ಬಂದರು. ಪೂರ್ತಿ ಸ್ವಾತಂತ್ರ್ಯವಲ್ಲ, ಮುಕ್ಕಾಲು. ಸಿಕ್ಕಷ್ಟು ಸಾಕು, ಮಿಕ್ಕದ್ದು ಮುಂದೆ ನೋಡೋಣ ಎಂದವರು ಸರ್ಕಾರವಾದರು. ಕ್ಯಾಪ್ಟನ್ ಅವರಲ್ಲಿ ಮಂತ್ರಿಯಾದ. ಇದಕ್ಕೋ ನಾವು ಸತ್ತದ್ದು ಎಂದವರು ಬಂದೂಕು ಕೆಳಗಿಡಲಿಲ್ಲ. ಸಾರ್ಜೆಂಟ್ ಅವರಲ್ಲೊಬ್ಬ. ಬ್ರಿಟಿಷರ ಮೇಲೆ ಹಾರಿದ ಗುಂಡುಗಳು ಈಗ ಅಣ್ಣತಮ್ಮಂದಿರ ಮೇಲೆ ಹಾರಿದವು.

ಸಾರ್ಜೆಂಟ್ ಪಿಸ್ತೂಲಿನೊಂದಿಗೆ ಸಿಕ್ಕಿಬಿದ್ದ. ಅದಕ್ಕೆ ಆಗ ಮರಣದಂಡನೆ. ಆಜ್ಞೆಗೆ ಸಹಿ ಮಾಡಿದ ಕೈ ಕ್ಯಾಪ್ಟನ್ನದು. ಕೊನೆಯ ಆಸೆ ಏನೆಂದು ಪಾದ್ರಿ ಕೇಳಿದಾಗ ಸಾರ್ಜೆಂಟ್ ಹೇಳಿದ್ದು ಒಂದೇ: "ಬೆಳಿಗ್ಗೆ ನನ್ನ ಜೊತೆ ತಿಂಡಿ ತಿನ್ನಲು ಕ್ಯಾಪ್ಟನ್ನಿಗೆ ಬರಹೇಳಿ." ಕ್ಯಾಪ್ಟನ್ ಜೈಲಿನ ಗೇಟಿನ ತನಕ ಹೋದ. ಅಲ್ಲಿ ನಿಂತ. ತಿರುಗಿ ಬಂದ. ಸಾರ್ಜೆಂಟ್ ತನ್ನ ತಟ್ಟೆಯನ್ನು ಮುಟ್ಟದೆ, ಎಂಟು ಗಂಟೆಯ ತನಕ ಬಾಗಿಲನ್ನೇ ನೋಡುತ್ತ ಕೂತಿದ್ದನಂತೆ. ಎಂಟಕ್ಕೆ ಅವನನ್ನು ಕರೆದೊಯ್ದರು.

"ಇದೆಲ್ಲ ಪಾದ್ರಿಯ ಕಾಗದದಲ್ಲಿದೆ," ಎಂದಳು ಮಿಸ್ ಟಿಯರ್ನನ್. "ತಾತ ಸತ್ತ ಮೇಲೆ ಅವರ ಪ್ರಾರ್ಥನಾ ಪುಸ್ತಕದಲ್ಲಿ ಸಿಕ್ಕಿತು. ನನ್ನ ತಂದೆ ತೀರಿಕೊಂಡ ಮೇಲೆ, ನಲವತ್ತು ವರ್ಷದಿಂದ ನನ್ನ ಬಳಿ ಇದೆ. ಯಾರಿಗೂ ತೋರಿಸಿಲ್ಲ."

ಆಮೇಲೆ ಕ್ಯಾಪ್ಟನ್ ಮೂವತ್ತೈದು ವರ್ಷ ಬದುಕಿದ. ಕಾನೂನು ಬರೆದ, ಹಳ್ಳಿಗಳಿಗೆ ಕರೆಂಟು ತರಿಸಿದ, ದೇಶದ ಪರವಾಗಿ ಜಿನೀವಾದಲ್ಲಿ ಭಾಷಣ ಮಾಡಿದ. ಸತ್ತಾಗ ತೋಪು ಹಾರಿಸಿದರು. ಪಠ್ಯಪುಸ್ತಕದಲ್ಲಿ ಅವನದೊಂದು ಪುಟ ಇತ್ತು. ಆ ಪುಟದಲ್ಲಿ ಇಲ್ಲದ್ದು ಮೊಮ್ಮಗಳಿಗೆ ಗೊತ್ತಿತ್ತು. ದಿನವೂ ಬೆಳಿಗ್ಗೆ ತಾತ ಆ ಕೋಣೆಯ ಬಾಗಿಲು ಮುಚ್ಚಿಕೊಂಡು ಕೂರುತ್ತಿದ್ದ. ಎದುರಿಗೆ ಇನ್ನೊಂದು ಕುರ್ಚಿ, ಇನ್ನೊಂದು ತಟ್ಟೆ. ತನ್ನ ತಟ್ಟೆಯನ್ನು ಅತ್ತ ದೂಡಿ, ತಾನೇನೂ ಮುಟ್ಟದೆ, ಎಂಟು ಹೊಡೆದ ಮೇಲೆ ಎದ್ದು ಬರುತ್ತಿದ್ದ. ಯಾರಿಗೆ ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ನಾಗಮಣಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಅವಳಿಗೆ ಕ್ಯಾಪ್ಟನ್ನನ ಮೇಲೆ ಕೆಂಡದಂಥ ಕೋಪ ಬಂದಿತ್ತು, ಅದರ ಹಿಂದೆಯೇ ಅಯ್ಯೋ ಪಾಪವೂ ಬಂದಿತ್ತು. ಉಂಡ ಮನೆಗೆ ಎರಡು ಬಗೆಯಬಾರದು ಎಂದು ನಮ್ಮಲ್ಲಿ ಮಾತಿದೆ, ಇವನು ತನ್ನನ್ನು ಹೊತ್ತ ಬೆನ್ನಿಗೇ ಗುಂಡು ಹೊಡೆಸಿದ್ದ. ಆದರೂ ಅಷ್ಟು ವರ್ಷ ಹಸಿದು ಕೂರುವುದೆಂದರೇನು? ಅದೂ ಸತ್ತ ಮೇಲೂ?

"ಆ ಸಾರ್ಜೆಂಟ್‌ನ ಕರೀಬೇಕು," ಎಂದಳು. "ಅವ್ರು ಬಂದು ಕುಂತ್ರೆ ಇವ್ರು ಉಣ್ತಾರೆ. ಇವ್ರು ಉಂಡ್ರೆ ನಮ್ಮೋರು ಉಣ್ತಾರೆ. ಬೇರೆ ದಾರಿ ಇಲ್ಲ. ಏನವ್ವ ಅವ್ರ ಹೆಸ್ರು? ಕೇಳು."

ಅರ್ಪಿತಾ ಕೇಳಿದಳು. ಮುದುಕಿ ತಲೆಯಾಡಿಸಿದಳು. "ಆ ಹೆಸರನ್ನು ಈ ಮನೆಯಲ್ಲಿ ಹೇಳುವುದಿಲ್ಲ. ನನ್ನ ತಂದೆ ಹೇಳಲಿಲ್ಲ, ನಾನೂ ಹೇಳಿಲ್ಲ. ನೀವೇ ಕಾಗದ ನೋಡಿ ಕರೆಯಿರಿ."

"ನಾವು ಕರೆದ್ರೆ ಆಗಲ್ಲ. ಬಾಡಿಗೆಯೋರು ಮನೆಗೆ ನೆಂಟ್ರನ್ನ ಕರ್ಯೋಕಾಯ್ತದಾ? ಮನೆಯೋರು ಕರೀಬೇಕು. ಇವ್ರ ಕುಲದೋರು ಇನ್ಯಾರವ್ರೆ? ಇವ್ರೊಬ್ರೇ ಅಲ್ವಾ?"

ಅರ್ಪಿತಾ ಅದನ್ನು ಹೇಳಿದಳು. ಮಿಸ್ ಟಿಯರ್ನನ್ ಕಿಟಕಿಯ ಕಡೆ ತಿರುಗಿದಳು. ನಾಗಮಣಿ ಆಗ ಎದ್ದುಹೋಗಿ, ಭಾಷೆ ಬರದ ಆ ಹೆಂಗಸಿನ ಮುಂದೆ ಮಂಡಿಯೂರಿ, ಅವಳ ಎರಡೂ ಕೈ ಹಿಡಿದು ಕನ್ನಡದಲ್ಲೇ ಹೇಳಿದಳು. "ಅಕ್ಕಾ, ನಮ್ಮೋರು ಬಾಗ್ಲಲ್ಲಿ ನಿಂತವ್ರೆ. ಹೊತ್ತು ಮುಳುಗಿದ್ರೆ ಹೊಂಟೋಯ್ತಾರೆ. ನಾಳಿದ್ದು ನಾನು ಊರಿಗೆ ಹೋಗ್ಬೇಕು. ಇನ್ನೆಲ್ಲಿ ಹುಡುಕ್ಲಿ ನಾನು ಅವ್ರನ್ನ?"

ಯಾರೂ ಅನುವಾದ ಮಾಡಲಿಲ್ಲ. ಮುದುಕಿ ಎದ್ದು ಪೆಟ್ಟಿಗೆ ತೆಗೆದು, ಹಳದಿಗಟ್ಟಿದ ಕಾಗದವನ್ನು ಕೈಗೆತ್ತಿಕೊಂಡಳು. ಆಮೇಲೆ ತನ್ನ ಅಡುಗೆಯ ಮೂಲೆಗೆ ಹೋಗಿ, ತಾತನ ಬೆಳಗಿನ ತಟ್ಟೆಗಳಲ್ಲಿ ಇರುತ್ತಿದ್ದ ಹಾಗೆ, ಮೊಟ್ಟೆ ಬೇಯಲಿಟ್ಟಳು. ಸತ್ತವರಿಗೆ ಇಷ್ಟವಾದದ್ದನ್ನೇ ಬಡಿಸಬೇಕು ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆರೂವರೆಗೆ ಮೂರು ಎಲೆ ಬಿದ್ದವು. ಚಾಮರಾಜನ ಎಲೆಗೆ ಮುದ್ದೆ, ಸಾರು, ಕಜ್ಜಾಯ. ಉಳಿದೆರಡಕ್ಕೆ ಬೇಯಿಸಿದ ಮೊಟ್ಟೆ, ಸೋಡಾ ರೊಟ್ಟಿ, ಬೆಣ್ಣೆ, ಪಕ್ಕದಲ್ಲಿ ಟೀ. ಅಷ್ಟಕ್ಕೇ ನಿಲ್ಲಿಸಲು ಮನಸ್ಸು ಬಾರದೆ ನಾಗಮಣಿ ಒಂದೊಂದು ಕಜ್ಜಾಯವನ್ನೂ ಇಟ್ಟಳು. ಸಾರ್ಜೆಂಟನ ಫೋಟೊ ಎಲ್ಲೂ ಇರಲಿಲ್ಲ. ಕಾಗದವನ್ನೇ ಗೋಡೆಗೊರಗಿಸಿ ಅದಕ್ಕೆ ಗಂಧ ಹಚ್ಚಿ ಹೂವಿಟ್ಟರು. ಲೋಹಿತ್ ಧೂಪ ಹಾಕಿ ಅಪ್ಪನನ್ನು ಕರೆದ. ಆಮೇಲೆ ಎಲ್ಲರೂ ಮುದುಕಿಯ ಮುಖ ನೋಡಿದರು.

ಅವಳು ಊರುಗೋಲನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ನಿಂತಳು. ಮೊದಲ ಸಲ ತುಟಿ ಅಲುಗಿತು, ದನಿ ಬರಲಿಲ್ಲ. ಎರಡನೆಯ ಸಲ ಬಂತು.

"ಮಾರ್ಟಿನ್ ಫೆನ್ಲನ್," ಎಂದಳು. "ನಾನು ಆಂಬ್ರೋಸನ ಮೊಮ್ಮಗಳು. ಬನ್ನಿ. ತಿಂಡಿಗೆ ಬನ್ನಿ. ಅವರು ನಿಮಗಾಗಿ ಕಾಯುತ್ತಿದ್ದಾರೆ."

ಬೀಗ ಹಾಕಿ ನಾಲ್ವರೂ ಮುಂಬಾಗಿಲಿನ ಮೆಟ್ಟಿಲ ಮೇಲೆ ಕೂತರು. ಸೂರ್ಯ ಮರಗಳ ಮಟ್ಟಕ್ಕೆ ಇಳಿದಿದ್ದ. ಒಳಗಿನಿಂದ ಕುರ್ಚಿಯ ಸದ್ದು ಬಂತು. ಕ್ಯಾಪ್ಟನ್ ಕೂತ. ಆಮೇಲೆ ಏನೂ ಇಲ್ಲ. ಹತ್ತು ನಿಮಿಷ, ಹದಿನೈದು ನಿಮಿಷ. ನಾಗಮಣಿ ಬೆಳಕನ್ನು ನೋಡುತ್ತ ಸೆರಗಿನ ತುದಿಯನ್ನು ಹಿಂಡುತ್ತಿದ್ದಳು. ನೂರು ವರ್ಷದ ಸಿಟ್ಟು ಒಂದು ಮೊಟ್ಟೆಗೆ ಇಳಿದೀತೇ ಎಂದು ಅವಳಿಗೇ ಅನುಮಾನ ಬಂದಿತ್ತು.

ಆಗ ಗೇಟಿನ ಕಡೆ ಜಲ್ಲಿಕಲ್ಲು ಸದ್ದು ಮಾಡಿತು. ಯಾರೋ ನಡೆದು ಬರುತ್ತಿದ್ದರು. ದಾರಿ ಉದ್ದಕ್ಕೂ ಬೆಳಕಿತ್ತು, ದಾರಿಯಲ್ಲಿ ಯಾರೂ ಇರಲಿಲ್ಲ. ಜಲ್ಲಿ ಒಂದೊಂದೇ ಹೆಜ್ಜೆಗೆ ಕುಗ್ಗುತ್ತ, ಸಾವಕಾಶವಾಗಿ, ಇವರ ಕಡೆಗೇ ಬಂತು. ಅರ್ಪಿತಾ ಕಣ್ಣು ಮುಚ್ಚಿಕೊಂಡಳು. ಲೋಹಿತ್‌ನ ಹಲ್ಲು ಕಟಕಟ ಎಂದದ್ದು ನಾಗಮಣಿಗೆ ಕೇಳಿಸಿತು. ಮೆಟ್ಟಿಲ ಬುಡದಲ್ಲಿ ಹೆಜ್ಜೆ ನಿಂತಿತು. ಹಸಿಮಣ್ಣಿನ, ತೊಯ್ದ ಉಣ್ಣೆಯ ವಾಸನೆ ಮುಖಕ್ಕೆ ಬಡಿಯಿತು.

ನಿಂತೇ ಇತ್ತು. ಮುಂದೆ ಬರಲಿಲ್ಲ, ಹಿಂದೆ ಹೋಗಲಿಲ್ಲ.

ಮಿಸ್ ಟಿಯರ್ನನ್ ಮೆಟ್ಟಿಲಿಗೆ ಅಡ್ಡವಾಗಿದ್ದ ತನ್ನ ಊರುಗೋಲನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು, ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವಳ ಮತ್ತು ನಾಗಮಣಿಯ ನಡುವೆ ತಣ್ಣನೆಯದೊಂದು ಹಾದುಹೋಯಿತು. ಹಿಂದೆಯೇ, ಒಂದು ಗಳಿಗೆ ಬಿಟ್ಟು, ಇನ್ನೊಂದು ಹೆಜ್ಜೆ ಮೆಟ್ಟಿಲು ಹತ್ತಿತು. ಅದರಲ್ಲಿ ಒಂದು ಕಾಲು ತುಸು ಎಳೆಯುತ್ತಿತ್ತು. ನಾಗಮಣಿ ಬಾಯಿಗೆ ಸೆರಗು ತುರುಕಿಕೊಂಡಳು. ಉಣ್ಣಲು ಹೋಗುವವರನ್ನು ಹಿಂದಿನಿಂದ ಕೂಗಬಾರದು.

ಸೂರ್ಯನ ಅಂಚು ಇನ್ನೂ ಉಳಿದಿರುವಾಗಲೇ ಅವಳು ಎದ್ದು ಬಾಗಿಲ ಹತ್ತಿರ ಹೋಗಿ ಕೆಮ್ಮಿದಳು. ಇನ್ನೊಮ್ಮೆ ಕೆಮ್ಮಿದಳು. ಲೋಹಿತ್ ಬೀಗ ತೆಗೆದ.

ಕೋಣೆಯಲ್ಲಿ ಥಂಡಿ ಇರಲಿಲ್ಲ. ಎಡೆ ಇಟ್ಟ ನಲವತ್ತು ವರ್ಷದಲ್ಲಿ ನಾಗಮಣಿ ಎಂದೂ ಕಾಣದ್ದು ನೆಲದ ಮೇಲಿತ್ತು. ಚಾಮರಾಜನ ಎಲೆ ಮಡಚಿತ್ತು. ತನ್ನ ಕಡೆಗೆ, ಮದುವೆ ಊಟ ಮುಗಿಸಿ ತೃಪ್ತಿಯಿಂದ ಎದ್ದವರು ಮಡಚುವ ಹಾಗೆ, ಅಂಚಿಗೆ ಅಂಚು ಕೂಡಿಸಿ ನೀಟಾಗಿ ಮಡಚಿತ್ತು. ಸಾರ್ಜೆಂಟನ ಎಲೆಯೂ ಮಡಚಿತ್ತು. ಅದು ಸೊಟ್ಟಸೊಟ್ಟಗೆ, ಪಕ್ಕದವರನ್ನು ನೋಡಿ ಮಾಡಿದ ಹಾಗೆ, ಒಂದು ಕಡೆ ಸೀಳಿಹೋಗಿತ್ತು.

"ಬಂದಿದ್ರು ಕಣ್ಲಾ," ಎಂದಳು ನಾಗಮಣಿ. "ನಿಮ್ಮಪ್ಪ ಬಂದಿದ್ರು. ಹೊಟ್ಟೆ ತುಂಬ ಉಂಡವ್ರೆ. ಅವ್ರಿಗೂ ಹೇಳ್ಕೊಟ್ಟವ್ರೆ ನೋಡು." ಹತ್ತು ತಿಂಗಳು ಎದೆಯಲ್ಲಿ ಗಟ್ಟಿಯಾಗಿ ಕೂತಿದ್ದದ್ದು ಒಡೆದು, ಅವಳು ನೆಲದ ಮೇಲೆ ಕುಸಿದು ದನಿ ತೆಗೆದು ಅತ್ತಳು. ಮಗನೂ ಅವಳ ಪಕ್ಕ ಕೂತು ಅತ್ತ.

ಕ್ಯಾಪ್ಟನ್ನನ ಎಲೆ ಮಾತ್ರ ಬಿಚ್ಚಿಕೊಂಡೇ ಇತ್ತು. ಮೊಟ್ಟೆಯ ಸಿಪ್ಪೆ ಬಿಟ್ಟರೆ ಅದರ ಮೇಲೆ ಏನೂ ಉಳಿದಿರಲಿಲ್ಲ, ಕಜ್ಜಾಯದ ಚೂರು ಕೂಡ. ಮಿಸ್ ಟಿಯರ್ನನ್ ಅದನ್ನು ನೋಡುತ್ತ ನಿಂತಿದ್ದಳು.

"ಬದುಕಿಡೀ ತಾನುಂಡ ತಟ್ಟೆಯನ್ನು ತಾನು ಎತ್ತಿದವರಲ್ಲ," ಎಂದಳು. "ಸೈನ್ಯದಲ್ಲಿದ್ದಾಗ ಮಾರ್ಟಿನ್ ಎತ್ತುತ್ತಿದ್ದರಂತೆ."

ಊರುಗೋಲನ್ನು ಗೋಡೆಗೊರಗಿಸಿ, ಕುರ್ಚಿಯ ಅಂಚು ಹಿಡಿದುಕೊಂಡು, ಎಂಬತ್ಮೂರು ವರ್ಷದ ಮಂಡಿಗಳನ್ನು ಮಡಿಸಿ ಅವಳು ತಾತನ ಎಲೆಯ ಮುಂದೆ ಕೂತಳು. ಯಾವ ಕಡೆಗೆ ಮಡಚಬೇಕೆಂದು ಕಣ್ಣಿನಲ್ಲೇ ನಾಗಮಣಿಯನ್ನು ಕೇಳಿದಳು. ನಾಗಮಣಿ ಕಣ್ಣೊರೆಸಿಕೊಂಡು ತೋರಿಸಿದಳು. ಮುದುಕಿ ಎಲೆಯನ್ನು ತನ್ನ ಕಡೆಗೆ ಮಡಚಿ, ಅದರ ಮೇಲೆ ಎರಡೂ ಕೈಯಿಟ್ಟುಕೊಂಡು, ಹೊರಗೆ ಪೂರ್ತಿ ಕತ್ತಲಾಗುವ ತನಕ ಅಲ್ಲೇ ಕೂತಿದ್ದಳು.